ಶೆಟ್ರ ಕೇದಗೆ ಕಾಯಿ ಬಿಟ್ಟಿತು

ಆಟಿಯ ಮಳೆ ಒಂದು ಗಳಿಗೆ ಬಿಟ್ಟಿತ್ತು. ನೀರ್ಚಾಲಿನ ಚಾದಂಗಡಿಯಲ್ಲಿ ನಾನು, ಮಾಷ್ಟ್ರು, ಭಟ್ರು ಗೋಳಿಬಜೆ ಮುಗಿಸುವಷ್ಟರಲ್ಲಿ ಶೆಟ್ರು ಗೋಣಿಚೀಲವೊಂದನ್ನು ತಂದು ಮೇಜಿನ ಮೇಲೆ ಕುಕ್ಕಿದರು. ಒಳಗೆ ಅನಾನಸಿನಂಥ ಹಸಿರು ಕಾಯಿ.

"5 ವರ್ಷ ಕಾದೆ ಮಾರಾಯ್ರೇ! ಪಂಚಮಿಗೆ ನಮ್ಮ ತೋಡಿನ ಬದಿಯ ಕೇದಗೆಯನ್ನೇ ನಾಗನಿಗೆ ಇಡುವ ಅಂತ. ಬಿಟ್ಟದ್ದು ನೋಡಿ ಇದು!"

ಮಾಷ್ಟ್ರು ತಿರುಗಿಸಿ ನೋಡಿದರು. "ಹೆಣ್ಣು ಗಿಡ. ಪರಿಮಳದ ಹೂ ಬಿಡುವುದು ಗಂಡು. ಒಡಿಶಾದ ಗಂಜಾಂನಲ್ಲಿ ಅತ್ತರು ಇಳಿಸುವುದೂ ಗಂಡು ಹೂವಿಂದಲೇ."

"ಪರಿಮಳ ಗಂಡಿನದ್ದಾ!" ಶೆಟ್ರ ಮುಖ ಅರಳಿತು. "ಇದನ್ನು ಮನೆಯಲ್ಲಿ ಹೇಳಬೇಕು."

"ಹೆಗಲ ಮೇಲಿನ ಆ ಬೆವರುನಾತದ ಬೈರಾಸು ಒಗೆದ ಮೇಲೆ ಹೇಳಿ," ಅಂದೆ.

"ಹಾಗಾದರೆ ಇದರದ್ದೇ ಕಂದು, ಮರಿಗಿಡ, ಕಿತ್ತು ಬೇರೆ ಕಡೆ ನೆಟ್ಟರೆ?"

"10 ನೆಟ್ಟರೆ ಹತ್ತೂ ಹೆಣ್ಣೇ. ತಾಯಿ ಎಂತದ್ದೋ ಕಂದೂ ಅದೇ. ಬೀಜದಿಂದ ಎಬ್ಬಿಸಿದರೆ ಹೂ ಬಿಡುವವರೆಗೆ ಗೊತ್ತೇ ಆಗುವುದಿಲ್ಲ. ಹೂ ಕಣ್ಣಾರೆ ಕಂಡ ಗಿಡದಿಂದಲೇ ಕಂದು ತರಬೇಕು."

ಶೆಟ್ರು ನಿಧಾನಕ್ಕೆ ಭಟ್ರ ಕಡೆ ತಿರುಗಿದರು. ಭಟ್ರಿಗೆ ಚಾದಲ್ಲಿ ಏನೋ ಬಿದ್ದಿತ್ತು.

"ಭಟ್ರೇ, ಕಂದು ನಿಮ್ಮ ತೋಟದ್ದಲ್ವಾ?"

"ಕೇಳಿದ್ದು ಕೇದಗೆ, ಕೊಟ್ಟದ್ದು ಕೇದಗೆ. ಜಾತಕ ಕೇಳಿದ್ದೀರಾ? ಅಲ್ಲದೆ ಅದು ಶಿವನ ಮುಂದೆ ಸುಳ್ಳು ಸಾಕ್ಷಿ ಹೇಳಿ ಶಾಪ ಪಡೆದ ಹೂ..."

"ಈಗ ಸುಳ್ಳು ಹೇಳಿದ್ದು ಹೂವಲ್ಲ!"

ಜಗಳ ಬೆಳೆಯುವ ಮೊದಲು ಮಾಷ್ಟ್ರು ಪಾಠ ಶುರುಮಾಡಿದರು. ಬುಡದಲ್ಲಿ ಬಿಳಲು ಬೇರು ಇಳಿಯುತ್ತಿರುವ ಕಂದನ್ನೇ ಆರಿಸಬೇಕಂತೆ. ಎಲೆ ಅರ್ಧಕ್ಕೆ ಕತ್ತರಿಸದಿದ್ದರೆ ಬೇರು ಹಿಡಿಯುವ ಮೊದಲೇ ಬಾಡುತ್ತದಂತೆ. ಒದ್ದೆ ಮಣ್ಣು ಅದಕ್ಕೆ ತವರುಮನೆ. ಆದರೆ ಹೊಸ ಕಂದಿಗೆ ಗೂಟ ಕೊಡದಿದ್ದರೆ, ಒಂದು ನೆರೆ ಬಂದರೆ ಸಾಕು, ಅದನ್ನು ಕುಂಬಳೆಯ ಕಡಲಲ್ಲಿ ಹುಡುಕಬೇಕು. ಮುಳ್ಳಿನ ವಿಷಯ ನನ್ನನ್ನು ಕೇಳಿ: ಎಲೆಯ ಎರಡೂ ಅಂಚಿನದ್ದು ಕಾಣುತ್ತದೆ, ಅಡಿಯ ನಡುನರದ್ದು ಕಾಣುವುದಿಲ್ಲ. ನನ್ನ ಹೆಬ್ಬೆರಳಲ್ಲಿ ಗುರುತು ಇನ್ನೂ ಉಂಟು.

"ಈ ಹೆಣ್ಣು ಗಿಡ ಕಡಿದೇ ಬಿಡ್ತೇನೆ," ಅಂದರು ಶೆಟ್ರು.

"ಕಡಿದರೆ ತೋಡಿನ ದಂಡೆಯೂ ಹೋದೀತು. ಮಣ್ಣು ಹಿಡಿದು ನಿಲ್ಲಿಸಿದ್ದು ಅದರ ಬೇರೇ."

ಭಟ್ರು ಚಾದ ಲೋಟ ಕೆಳಗಿಟ್ಟು ಎದ್ದರು. "ಬೇಸರ ಬೇಡ ಶೆಟ್ರೇ. ನಮ್ಮ ತೋಟದ ಆಚೆ ಮೂಲೆಯಲ್ಲಿ ಗಂಡೂ ಉಂಟು. ನಾಳೆ ಬನ್ನಿ."

"ಮತ್ತೆ ಅದನ್ನೇ ಆವತ್ತು ಯಾಕೆ ಕೊಡಲಿಲ್ಲ?"

"ಅದು ಪಂಪುಶೆಡ್ಡಿನ ದಾರಿಗೆ ಅಡ್ಡ ಇರಲಿಲ್ಲ."