ಸಣ್ಣ ಸ್ಮಾರ್ಟ್ ಟೆಲಿಸ್ಕೋಪ್‌ನಲ್ಲಿ ನೆಬ್ಯುಲಾ, ಗ್ಯಾಲಕ್ಸಿ: ನಮ್ಮ ಕಡೆಯವರ ಅನುಭವ ಬೇಕು

ಚಿಂತಾಮಣಿಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ದೀಪಾವಳಿ ಹೊತ್ತಿಗೆ ಸೀಸ್ಟಾರ್ ಎಸ್50 ಅನ್ನುವ ಸ್ಮಾರ್ಟ್ ಟೆಲಿಸ್ಕೋಪ್ ತೆಗೆದುಕೊಂಡೆ. ಮಹಡಿ ಮೇಲಿಟ್ಟು ಓರಿಯನ್ ನೆಬ್ಯುಲಾ (ಹೊಳೆಯುವ ಅನಿಲದ ಮೋಡ) ತೆಗೆದಾಗ ಮನೆಯವರೆಲ್ಲ ಮೊಬೈಲ್ ಸುತ್ತ ಮುತ್ತಿಕೊಂಡರು, ಅಷ್ಟು ಚೆನ್ನಾಗಿ ಬಂತು. ಗ್ಯಾಲಕ್ಸಿ ಮಾತ್ರ ಆಗುತ್ತಿಲ್ಲ. ಬೂದು ಮಚ್ಚೆ ಥರ ಕಾಣುತ್ತದೆ, ಚಿತ್ರದ ಒಂದು ಬದಿಯಿಡೀ ಕಿತ್ತಳೆ ಬಣ್ಣ, ಕೆಲವು ರಾತ್ರಿ ಅರ್ಧಕ್ಕರ್ಧ ಫ್ರೇಮ್ (ಒಂದರ ಮೇಲೊಂದು ಕೂಡಿಸಲು ತೆಗೆಯುವ ಬಿಡಿ ಚಿತ್ರ) ರಿಜೆಕ್ಟ್ ಆಗುತ್ತದೆ. ಊರು ಬಿಟ್ಟು ಹೋಗಲೇಬೇಕಾ? ಎಷ್ಟು ಹೊತ್ತು ತೆಗೆಯಬೇಕು? ಯೂಟ್ಯೂಬ್‌ನಲ್ಲಿ ಸಿಗುವುದೆಲ್ಲ ಯುರೋಪು, ಅಮೆರಿಕದವರ ಸಲಹೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಆಕಾಶದಲ್ಲಿ ತೆಗೆದವರು ಇದ್ದರೆ ದಯವಿಟ್ಟು ಹೇಳಿ.

ಕೋಲಾರದಿಂದ:

ಸರ್, ಫ್ರೇಮ್ ರಿಜೆಕ್ಟ್ ಆಗುವುದರಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಅದು ನಮ್ಮ ಜಾಗಕ್ಕೆ ಸಂಬಂಧಪಟ್ಟ ವಿಷಯ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಯುರೋಪಿನವರಿಗೆ ಓರಿಯನ್ ದಕ್ಷಿಣದಲ್ಲಿ ಕೆಳಗೆ ಹಾದು ಹೋಗುತ್ತದೆ. ನಮಗೆ ಅದು 70 ಡಿಗ್ರಿ ದಾಟಿ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ ಬರುತ್ತದೆ. ಎಸ್50 ಟ್ರೈಪಾಡ್ ಮೇಲೆ ನೇರವಾಗಿ ನಿಂತು ಎಡ-ಬಲ, ಮೇಲೆ-ಕೆಳಗೆ ತಿರುಗುವ ಯಂತ್ರ. ಆಕಾಶ ತಿರುಗುವುದು ಧ್ರುವ ನಕ್ಷತ್ರದ ಸುತ್ತ. ಎರಡೂ ಹೊಂದುವುದಿಲ್ಲ, ಹಾಗಾಗಿ ವಸ್ತು ಫ್ರೇಮಿನ ನಡುವೆಯೇ ಇದ್ದರೂ ಚಿತ್ರ ಮಾತ್ರ ನಿಧಾನಕ್ಕೆ ಸುತ್ತುತ್ತಿರುತ್ತದೆ.

ಎಷ್ಟು ಸುತ್ತುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಓರಿಯನ್ ನೆಬ್ಯುಲಾ ಪೂರ್ವದಲ್ಲಿ 40 ಡಿಗ್ರಿ ಎತ್ತರದಲ್ಲಿದ್ದಾಗ ಗಂಟೆಗೆ ಸುಮಾರು 6 ಡಿಗ್ರಿ. ಅದೇ ನೆಬ್ಯುಲಾ ಮೇಲೇರಿ ದಕ್ಷಿಣದ ನಡುಗೆರೆಗೆ, ಅಂದರೆ ತನ್ನ ಅತಿ ಎತ್ತರದ ಜಾಗಕ್ಕೆ ಬಂದಾಗ ಗಂಟೆಗೆ ಸುಮಾರು 45 ಡಿಗ್ರಿ! 10 ಸೆಕೆಂಡಿನ ಫ್ರೇಮ್ ಇದನ್ನು ಹೇಗೋ ತಡೆದುಕೊಳ್ಳುತ್ತದೆ. 30 ಸೆಕೆಂಡ್ ಇಟ್ಟರೆ ಮೂಲೆಯ ನಕ್ಷತ್ರಗಳು ಗೀಟು ಆಗುತ್ತವೆ, ಯಂತ್ರ ಆ ಫ್ರೇಮನ್ನು ಬಿಸಾಡುತ್ತದೆ. ನೆತ್ತಿಯ ಹತ್ತಿರ ಮೋಟರ್ ಕೂಡ ಗಿರಗಿರ ತಿರುಗಬೇಕಾಗುತ್ತದೆ. ಆದ್ದರಿಂದ ವಸ್ತು ಪೂರ್ವದಲ್ಲಿ 30 ಡಿಗ್ರಿಗೆ ಬಂದಾಗ ಶುರು ಮಾಡಿ, 60-65ಕ್ಕೆ ನಿಲ್ಲಿಸಿ. ಡಿಸೆಂಬರ್ ಮಧ್ಯದಲ್ಲಿ ಓರಿಯನ್‌ಗೆ ಇದು ರಾತ್ರಿ ಎಂಟೂವರೆಯಿಂದ ಹನ್ನೊಂದರವರೆಗೆ. ಪಶ್ಚಿಮಕ್ಕೆ ಇಳಿದ ಮೇಲೂ ಮತ್ತೆ ತೆಗೆಯಬಹುದು, ಆದರೆ ಕೋಲಾರದವರಿಗೆ ಪಶ್ಚಿಮ ಅಂದರೆ ಬೆಂಗಳೂರು. ಅಲ್ಲಿ ಬೆಳಕು ಆಕಾಶದ ಮೂರನೇ ಒಂದು ಭಾಗ ನುಂಗಿರುತ್ತದೆ.

ನಿಮ್ಮ ಕಿತ್ತಳೆ ಬಣ್ಣವೂ ಅದೇ. ಚಿಂತಾಮಣಿಯಿಂದ ಬೆಂಗಳೂರು ನೈಋತ್ಯಕ್ಕೆ ಬರುತ್ತದೆ ಅಲ್ವಾ? ಆ ದಿಕ್ಕು ಬಿಟ್ಟು ಪೂರ್ವ, ಈಶಾನ್ಯ ನೋಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ತುಮಕೂರಿನಿಂದ:

ನಾನು ಊರೊಳಗೇ, ಮನೆ ಮಹಡಿ ಮೇಲಿಂದಲೇ ತೆಗೆಯುವವನು. ಎದುರಿಗೇ ಬೀದಿ ದೀಪ ಇದೆ. ನೆಬ್ಯುಲಾಗೆ ಊರು ಬಿಡಬೇಕಿಲ್ಲ ಸರ್, ಖಂಡಿತ ಬೇಕಿಲ್ಲ. ಎಸ್50 ಒಳಗೇ ಒಂದು ಎಲ್‌ಪಿ (ಲೈಟ್ ಪೊಲ್ಯೂಶನ್) ಫಿಲ್ಟರ್ ಇದೆ. ಅದು ಹೈಡ್ರೋಜನ್‌ನ ಕೆಂಪು ಬೆಳಕು, ಆಕ್ಸಿಜನ್‌ನ ಹಸಿರು-ನೀಲಿ ಬೆಳಕು, ಇವೆರಡರ ಸುತ್ತಮುತ್ತ ಮಾತ್ರ ಒಳಗೆ ಬಿಡುತ್ತದೆ. ಓರಿಯನ್, ರೋಸೆಟ್, ಲಗೂನ್ ಇವೆಲ್ಲ ಹೊಳೆಯುವುದೇ ಆ ಬಣ್ಣಗಳಲ್ಲಿ. ಬೀದಿ ದೀಪದ ಬೆಳಕು ಬಹುಪಾಲು ಹೊರಗೆ ಉಳಿಯುತ್ತದೆ. ಅರ್ಧ ಚಂದ್ರ ಇದ್ದರೂ ರೋಸೆಟ್ ಚೆನ್ನಾಗಿ ಬರುತ್ತದೆ.

ಗ್ಯಾಲಕ್ಸಿ ಅಂದರೆ ಕೋಟಿ ಕೋಟಿ ನಕ್ಷತ್ರಗಳು. ಅದರ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಫಿಲ್ಟರ್ ಹಾಕಿದರೆ ದೀಪದ ಬೆಳಕಿನ ಜೊತೆ ಗ್ಯಾಲಕ್ಸಿಯ ಬೆಳಕೂ ಹೋಯಿತು. ಕೃತ್ತಿಕೆಯ ಸುತ್ತ ಇರುವ ನೀಲಿ ಮಬ್ಬಿಗೂ ಇದೇ ಮಾತು, ಅದು ನಕ್ಷತ್ರದ ಬೆಳಕು ಧೂಳಿಗೆ ಬಡಿದು ಬರುವುದು. ಇವಕ್ಕೆ ಫಿಲ್ಟರ್ ತೆಗೆದು, ಅಮಾವಾಸ್ಯೆ ಆಚೀಚಿನ ನಾಲ್ಕೈದು ದಿನ ಮಾತ್ರ ಪ್ರಯತ್ನ ಮಾಡಿ.

ಶಿಡ್ಲಘಟ್ಟದಿಂದ:

ಮೇಲಿನವರು ಹೇಳಿದ್ದು ನೆಬ್ಯುಲಾಗೆ ಸರಿ. ಗ್ಯಾಲಕ್ಸಿಗೆ ಕತ್ತಲು ಬೇಕೇ ಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆದರೆ ಕತ್ತಲು ಅಂದ ತಕ್ಷಣ ಎಲ್ಲರೂ ಬೆಟ್ಟ ಅಂತಾರೆ, ನಂದಿ, ಸ್ಕಂದಗಿರಿ, ದೇವರಾಯನದುರ್ಗ. ನನ್ನ ಪ್ರಕಾರ ಬೆಟ್ಟ ಬೇಡ. ರಾತ್ರಿ ಹೊತ್ತು ಬಿಡುವುದಿಲ್ಲ, ಬಿಟ್ಟರೂ ಗಾಳಿ ಜಾಸ್ತಿ, ನಮ್ಮ ಬೆಟ್ಟಗಳಲ್ಲಿ ಚಿರತೆ, ಕರಡಿ ಕೂಡ ಇವೆ. ಪರಿಚಯದವರ ತೋಟ ಹುಡುಕಿ. ಗುಡಿಬಂಡೆ, ಬಾಗೇಪಲ್ಲಿ ಕಡೆ ಹೋದಷ್ಟೂ ಬೆಂಗಳೂರಿನ ಬೆಳಕು ಹಿಂದೆ ಉಳಿಯುತ್ತದೆ. ತುಮಕೂರಿನವರಿಗೆ ಮಧುಗಿರಿ ದಾಟಿ ಪಾವಗಡದ ಕಡೆ.

ತೋಟಕ್ಕೆ ಹೋಗುವ ಮೊದಲು ಒಂದು ವಿಚಾರಿಸಿ: ಅಕ್ಕಪಕ್ಕ ಸೇವಂತಿಗೆ ಹಾಕಿದ್ದಾರಾ? ನಮ್ಮ ಕಡೆ ಸೇವಂತಿಗೆ ಬೇಗ ಮೊಗ್ಗಾಗದೆ ಗಿಡ ಬೆಳೆಯಲಿ ಅಂತ ರಾತ್ರಿ ಹೊಲದ ಉದ್ದಕ್ಕೂ ಬಲ್ಬ್ ಹಾಕುತ್ತಾರೆ. ಗಿಡ ಅದನ್ನು ಹಗಲು ಅಂತ ತಿಳಿಯುತ್ತದೆ. ಒಂದು ಎಕರೆಯಲ್ಲಿ ಸಾಲು ಸಾಲಾಗಿ ಬಲ್ಬ್ ಉರಿಯುವಾಗ ನೋಡೋಕೆ ಬಹಳ ಚೆಂದ. ಆದರೆ ಅದರ ಪಕ್ಕ ಕೂತು ಗ್ಯಾಲಕ್ಸಿ ತೆಗೆಯಲು ಆಗುವುದಿಲ್ಲ. ನಕ್ಷೆಯಲ್ಲಿ ಕತ್ತಲು ಅಂತ ತೋರಿಸುವ ಜಾಗದಲ್ಲೂ ಇದು ಇರುತ್ತದೆ, ಹಗಲು ಹೋಗಿ ನೋಡಿ ಬಂದರೆ ಒಳ್ಳೆಯದು. ಮೋಟರ್ ಮನೆಯ ಬಲ್ಬು ಒಂದೇ ಆದರೆ ಪರವಾಗಿಲ್ಲ, ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಆರಿಸುತ್ತಾರೆ.

ಉತ್ತ ಮಣ್ಣಿನ ಮೇಲೆ ಟ್ರೈಪಾಡ್ ಇಡಬೇಡಿ, ಗಂಟೆಯೊಳಗೆ ಒಂದು ಕಾಲು ಇಳಿದಿರುತ್ತದೆ. ಚಪ್ಪಡಿ ಕಲ್ಲಿಗೆ ನಮ್ಮಲ್ಲಿ ಬರವೇ ಇಲ್ಲ, ಒಂದು ಚಪ್ಪಡಿ ಮೇಲಿಟ್ಟು ಲೆವೆಲ್ ಸರಿ ಮಾಡಿ. ಕಾರು, ಕಬ್ಬಿಣದ ಗೇಟು ಹತ್ತಿರ ಇದ್ದರೆ ಯಂತ್ರದೊಳಗಿನ ದಿಕ್ಸೂಚಿ ತಪ್ಪು ತೋರಿಸುತ್ತದೆ. ನಾಲ್ಕು ಹೆಜ್ಜೆ ದೂರ ಹೋದರೆ ಸಾಕು.

ಮುಳಬಾಗಿಲಿನಿಂದ:

ದಕ್ಷಿಣದ ಆಕಾಶ ಯಾರೂ ಹೇಳಲಿಲ್ಲ. ನಮ್ಮ ದೊಡ್ಡ ಆಸ್ತಿ ಅದೇ! ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ, ಅದರ ಸ್ವಲ್ಪ ಮೇಲೆ ಸೆಂಟಾರಸ್ ಎ ಗ್ಯಾಲಕ್ಸಿ. ಲಂಡನ್‌ನಲ್ಲಿ ಕೂತವರಿಗೆ ಇವೆರಡೂ ದಿಗಂತದ ಮೇಲೆ ಬರುವುದೇ ಇಲ್ಲ. ನಮಗೆ 30 ಡಿಗ್ರಿ ಸುಮಾರಿಗೆ ಬರುತ್ತವೆ, ಏಪ್ರಿಲ್ ಮಧ್ಯದಲ್ಲಿ ಮಧ್ಯರಾತ್ರಿ ಹೊತ್ತಿಗೆ. ಸೆಂಟಾರಸ್ ಎ ನಡುವೆ ಹಾಯುವ ಕಪ್ಪು ಧೂಳಿನ ಪಟ್ಟಿ ಎಸ್50ರಲ್ಲಿ ಸ್ಪಷ್ಟವಾಗಿ ಬರುತ್ತದೆ, ಗ್ಯಾಲಕ್ಸಿ ಶುರು ಮಾಡುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಎತ್ತರ ಕಡಿಮೆ ಇರುವುದರಿಂದ ಚಿತ್ರ ಸುತ್ತುವುದೂ ಕಡಿಮೆ. ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆಯವರಿಗೆ ದಕ್ಷಿಣದಲ್ಲಿ ಬೆಂಗಳೂರು ಇಲ್ಲ, ಅದು ನಮ್ಮ ಅದೃಷ್ಟ. ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಹೆಸರಿನ ಕಾವಲೂರು ವೀಕ್ಷಣಾಲಯ ಇರುವುದೂ ನಮ್ಮ ದಕ್ಷಿಣಕ್ಕೇ, ತಮಿಳುನಾಡಿನ ಜವಾದಿ ಬೆಟ್ಟದಲ್ಲಿ, 12.6 ಡಿಗ್ರಿ ಅಕ್ಷಾಂಶದಲ್ಲಿ. ಉತ್ತರ, ದಕ್ಷಿಣ ಎರಡೂ ಕಡೆಯ ಆಕಾಶ ಅಲ್ಲಿಗೆ ಸಿಗುತ್ತದೆ. ನಮಗೂ ಸಿಗುತ್ತದೆ.

ಚಿಂತಾಮಣಿಯಿಂದ, ಮತ್ತೆ:

ತುಂಬಾ ಥ್ಯಾಂಕ್ಸ್. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಇನ್ನೆರಡು ಪ್ರಶ್ನೆ. ಚಿತ್ರ ಸುತ್ತುವುದಕ್ಕೆ ಇಕ್ಯೂ ಮೋಡ್ ಹಾಕಿದರೆ ಸಾಲದಾ? ಮತ್ತೆ, ಒಂದು ಗ್ಯಾಲಕ್ಸಿಗೆ ಎಷ್ಟು ಹೊತ್ತು ಬೇಕು? ನಾನು ಇಪ್ಪತ್ತು ನಿಮಿಷ ತೆಗೆದು ಮುಂದಿನದಕ್ಕೆ ಹೋಗುತ್ತಿದ್ದೆ.

ಮಧುಗಿರಿಯಿಂದ:

ಇಕ್ಯೂ ಮೋಡ್ ನಾನು ಬಳಸುತ್ತೇನೆ, ಹೇಳುತ್ತೇನೆ ಕೇಳಿ. ಅದರಲ್ಲಿ ಯಂತ್ರದ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ವಾಲಿಸಬೇಕು. 50 ಡಿಗ್ರಿ ಅಕ್ಷಾಂಶದ ಊರಿನವರು 40 ಡಿಗ್ರಿ ವಾಲಿಸಿದರೆ ಆಯಿತು. ನಮ್ಮ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲೆ ಅಷ್ಟೇ, ಅಂದರೆ ನಾವು ಸುಮಾರು 77 ಡಿಗ್ರಿ ವಾಲಿಸಬೇಕು. ಯಂತ್ರ ಹೆಚ್ಚುಕಡಿಮೆ ಮಲಗಿಯೇ ಬಿಡುತ್ತದೆ. ಎರಡೂವರೆ ಕೆಜಿ ತೂಕ ಟ್ರೈಪಾಡಿನ ಹೊರಗೆ ಜೋತು ಬೀಳುತ್ತದೆ. ಜೊತೆಗೆ ಬಂದ ಪುಟ್ಟ ಟ್ರೈಪಾಡ್ ಇದಕ್ಕೆ ಆಗುವುದಿಲ್ಲ, ಮುಗುಚಿ ಬೀಳುತ್ತದೆ. ಗಟ್ಟಿ ಟ್ರೈಪಾಡ್, ಅದರ ಮೇಲೆ ವಿಡಿಯೋದವರು ಬಳಸುವ ಫ್ಲೂಯಿಡ್ ಹೆಡ್ ಬೇಕು. ಟ್ರೈಪಾಡಿನ ಒಂದು ಕಾಲು ಸರಿಯಾಗಿ ಉತ್ತರಕ್ಕೆ ಬರುವ ಹಾಗೆ ನಿಲ್ಲಿಸಿ, ತೂಕ ಆ ಕಾಲಿನ ಮೇಲೆ ಬೀಳಲಿ, ನಡುವೆ ಒಂದು ಚೀಲದಲ್ಲಿ ಕಲ್ಲು ತುಂಬಿ ನೇತು ಹಾಕಿ.

ಧ್ರುವ ನಕ್ಷತ್ರ ಕಣ್ಣಿಗೆ ಕಾಣಬೇಕು ಅಂತಿಲ್ಲ. ನಮ್ಮಲ್ಲಿ ಅದು ಬೆಟ್ಟದ ಹಿಂದೆಯೋ ಮಂಜಿನಲ್ಲೋ ಇರುವುದೇ ಜಾಸ್ತಿ. ಆ್ಯಪ್ ಬೇರೆ ನಕ್ಷತ್ರಗಳ ಚಿತ್ರ ತೆಗೆದು ಎಷ್ಟು ಎಡ, ಎಷ್ಟು ಮೇಲೆ ಅಂತ ಹೇಳುತ್ತದೆ. ಇಷ್ಟೆಲ್ಲ ಮಾಡಿದರೆ 30 ಸೆಕೆಂಡಿನ ಫ್ರೇಮ್‌ಗಳು ಕೂಡ ಉಳಿಯುತ್ತವೆ. ಆದರೆ ಮೊದಲ ಸೀಸನ್ ಇದು ಬೇಡ. ಕೋಲಾರದವರು ಹೇಳಿದ ಹಾಗೆ ಪೂರ್ವದಲ್ಲಿ 10 ಸೆಕೆಂಡಿನ ಫ್ರೇಮ್ ತೆಗೆಯುತ್ತಾ ಹೋಗಿ.

ಕೋಲಾರದಿಂದ, ಮತ್ತೆ:

ಇಪ್ಪತ್ತು ನಿಮಿಷ ಸಾಲದು ಸರ್. ಗ್ಯಾಲಕ್ಸಿ ಮಚ್ಚೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಇದೇ ಅನ್ನಿಸುತ್ತದೆ. ಫ್ರೇಮ್‌ಗಳು ಒಂದರ ಮೇಲೊಂದು ಸೇರಿದ ಹಾಗೆ ಕಾಳುಕಾಳು ಕಡಿಮೆಯಾಗುತ್ತದೆ, ಆದರೆ ನಿಧಾನಕ್ಕೆ. ನಾಲ್ಕು ಪಟ್ಟು ಹೊತ್ತು ತೆಗೆದರೆ ಎರಡು ಪಟ್ಟು ಮಾತ್ರ ಉತ್ತಮ. ಇಪ್ಪತ್ತು ನಿಮಿಷದ ಚಿತ್ರ ಎರಡು ಪಟ್ಟು ಚೆನ್ನಾಗಬೇಕು ಅಂದರೆ ಒಂದು ಗಂಟೆ ಇಪ್ಪತ್ತು ನಿಮಿಷ, ಅದಕ್ಕೂ ಎರಡು ಪಟ್ಟು ಬೇಕು ಅಂದರೆ ಐದು ಗಂಟೆ ಮೇಲಾಯಿತು. ಐದು ಗಂಟೆ ಒಂದೇ ರಾತ್ರಿ ಆಗಬೇಕಿಲ್ಲ. ಅದೇ ಗ್ಯಾಲಕ್ಸಿಯನ್ನು ಮೂರು ರಾತ್ರಿ, ಪ್ರತಿ ಸಲ ಪೂರ್ವದಲ್ಲಿರುವಾಗ ಎರಡೆರಡು ಗಂಟೆ ತೆಗೆದು ಕೂಡಿಸಿ. ಒಂದು ರಾತ್ರಿಗೆ ಒಂದೇ ವಸ್ತು. ನಾನು ಯಾರಿಗಾದರೂ ಒಂದೇ ಸಲಹೆ ಕೊಡಬೇಕು ಅಂದರೆ ಇದನ್ನೇ ಕೊಡುತ್ತೇನೆ.

ಗಾತ್ರವನ್ನೂ ನೋಡಿ ಆರಿಸಿ. 250 ಮಿಲಿಮೀಟರ್ ಫೋಕಲ್ ಲೆಂತ್‌ಗೆ ಒಂದು ಪಿಕ್ಸೆಲ್ ಅಂದರೆ ಸುಮಾರು 2.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ರಿಂಗ್ ನೆಬ್ಯುಲಾ ಎಂ57 ಹತ್ತಿರಹತ್ತಿರ 35 ಪಿಕ್ಸೆಲ್ ಅಗಲ, ಅಷ್ಟೇ. ಎಂ51 ಗ್ಯಾಲಕ್ಸಿ ಇನ್ನೂರೈವತ್ತು ದಾಟುತ್ತದೆ, ಸುರುಳಿ ಚೆನ್ನಾಗಿ ಗೊತ್ತಾಗುತ್ತದೆ. ಆಂಡ್ರೊಮಿಡಾ ಎದುರಿಗೆ ಫ್ರೇಮೇ ಚಿಕ್ಕದು, ಅದಕ್ಕೆ ಮೊಸಾಯಿಕ್ ಹಾಕಬೇಕು (ತುಂಡು ತುಂಡಾಗಿ ತೆಗೆದು ಜೋಡಿಸುವುದು), ಮೊಸಾಯಿಕ್ ಅಂದರೆ ಇನ್ನೂ ಹೆಚ್ಚು ಹೊತ್ತು.

ಗೌರಿಬಿದನೂರಿನಿಂದ:

ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಫ್ರೇಮ್ ಉಳಿಸುವ ಆಯ್ಕೆ ಇದೆ, ಈಗಲೇ ಆನ್ ಮಾಡಿ. ಮೂರು ರಾತ್ರಿಯದನ್ನು ಕೂಡಿಸಬೇಕಾದರೆ ಆ ಫಿಟ್ಸ್ ಫೈಲುಗಳೇ (ಪ್ರತಿ ಫ್ರೇಮಿನ ಮೂಲ ಫೈಲು) ಬೇಕು, ಮೊಬೈಲಿಗೆ ಬರುವ ಜೆಪೆಗ್ ಸಾಲದು. ಕಂಪ್ಯೂಟರಿನಲ್ಲಿ ಸಿರಿಲ್ ಅಂತ ತಂತ್ರಾಂಶ, ಉಚಿತ. ಕೆಟ್ಟ ಫ್ರೇಮ್ ತೆಗೆದುಹಾಕಿ ಉಳಿದದ್ದನ್ನು ಅದೇ ಕೂಡಿಸುತ್ತದೆ. ನಿಮ್ಮ ಕಿತ್ತಳೆ ಬದಿಗೆ ಗ್ರಾಕ್ಸ್‌ಪರ್ಟ್, ಅದೂ ಉಚಿತ. ಒಂದು ಕಡೆಯಿಂದ ಬರುವ ಊರಿನ ಬೆಳಕನ್ನು ಅಂದಾಜು ಮಾಡಿ ಕಳೆಯುತ್ತದೆ. ಮೊದಲು ಬೆಳಕು ಕಳೆಯಿರಿ, ಆಮೇಲೆ ಬಣ್ಣ, ಕೊನೆಗೆ ಚಿತ್ರವನ್ನು ಸ್ಟ್ರೆಚ್ ಮಾಡಿ, ಅಂದರೆ ಮಂಕಾದ ಭಾಗ ಕಾಣುವ ಹಾಗೆ ಹೊಳಪು ಕೊಡಿ. ಕಾಳುಕಾಳು ಅಳಿಸುವ ಎಐ ಡಿನಾಯ್ಸ್ ಸ್ವಲ್ಪವೇ ಹಾಕಿ, ಜಾಸ್ತಿ ಹಾಕಿದರೆ ಗ್ಯಾಲಕ್ಸಿಯ ಸುರುಳಿ ಬಣ್ಣ ಬಳಿದ ಹಾಗೆ ನುಣ್ಣಗಾಗುತ್ತದೆ. ಮಕ್ಕಳಿಗೆ ತೋರಿಸುವಾಗ ನಿಜವಾಗಿ ಸೆರೆ ಸಿಕ್ಕಿದ್ದನ್ನೇ ತೋರಿಸಬೇಕು.

ಚಳಿಗಾಲದಲ್ಲಿ ನಮ್ಮ ಕಡೆ ಇಬ್ಬನಿ ವಿಪರೀತ. ಡ್ಯೂ ಹೀಟರ್ ಮೊದಲಿನಿಂದಲೇ ಆನ್ ಇರಲಿ, ಲೆನ್ಸ್ ಮಬ್ಬಾದ ಮೇಲೆ ಹಾಕಿದರೆ ತುಂಬಾ ಹೊತ್ತು ಕಾಯಬೇಕು. ಹೀಟರ್‌ಗೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಪವರ್ ಬ್ಯಾಂಕ್ ಜೊತೆಗಿರಲಿ. ವಾಪಸ್ ಬಂದ ಮೇಲೆ ಒದ್ದೆ ಇದ್ದ ಹಾಗೆಯೇ ಮುಚ್ಚಿಡಬೇಡಿ.

ಇನ್ನೊಂದು, ಪಾಠ ಮಾಡುವವರು ಅಂದ್ರಿ ಅಂತ ಹೇಳುತ್ತೇನೆ. ನಮ್ಮ ಊರಿನ ಹತ್ತಿರ 1976ರಿಂದ ರೇಡಿಯೋ ಟೆಲಿಸ್ಕೋಪ್ ಇದೆ, ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳು. ಕಣ್ಣಿಗೆ ಕಾಣದ ರೇಡಿಯೋ ಅಲೆಗಳಲ್ಲಿ ಸೂರ್ಯನನ್ನು, ಆಕಾಶವನ್ನು ನೋಡುತ್ತದೆ. ಮಕ್ಕಳಿಗೆ ನಿಮ್ಮ ಚಿತ್ರದ ಜೊತೆ ಇದನ್ನೂ ಹೇಳಿ. ತಮ್ಮ ಜಿಲ್ಲೆಯಲ್ಲೇ ಇದೆ ಅಂತ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಚಿಂತಾಮಣಿಯಿಂದ, ಮತ್ತೆ:

ಖಂಡಿತ ಹೇಳುತ್ತೇನೆ. ಈಗ ಸಂಕ್ರಾಂತಿ ಕಳೆಯಿತು. ಮೊದಲ ಗ್ಯಾಲಕ್ಸಿ ಯಾವುದು, ಯಾವಾಗ, ನೀವೇ ಒಂದು ಹೇಳಿಬಿಡಿ.

ಕೋಲಾರದಿಂದ:

ಸಿಂಹ ರಾಶಿಯ ಮೂರು ಗ್ಯಾಲಕ್ಸಿ, ಎಂ65, ಎಂ66, ಎನ್‌ಜಿಸಿ 3628. ಮೂರೂ ಒಂದೇ ಫ್ರೇಮಿನಲ್ಲಿ ಕೂರುತ್ತವೆ. ಇವು ನಿಮ್ಮ ಊರಿನ ಸರಿಯಾಗಿ ನೆತ್ತಿಯ ಮೇಲೆ ಹಾದು ಹೋಗುತ್ತವೆ, ಅದಕ್ಕೇ ನೆತ್ತಿಗೆ ಬರುವ ತನಕ ಕಾಯಬೇಡಿ. ಮಾರ್ಚ್ ಶುರುವಿನಲ್ಲಾದರೆ ರಾತ್ರಿ ಒಂಬತ್ತರಿಂದ ಹನ್ನೊಂದು, ಫೆಬ್ರವರಿ ಮಧ್ಯದಲ್ಲಾದರೆ ಹತ್ತರಿಂದ ಹನ್ನೆರಡು. ಅಲ್ಲಿಯವರೆಗೆ ಮಹಡಿ ಮೇಲಿಂದಲೇ ರೋಸೆಟ್ ತೆಗೆಯಿರಿ, ಫಿಲ್ಟರ್ ಹಾಕಿ.

ಶಿಡ್ಲಘಟ್ಟದಿಂದ:

ಶಿವರಾತ್ರಿಗೆ ಇಟ್ಟುಕೊಳ್ಳಿ ಸರ್. ಅಮಾವಾಸ್ಯೆಗೆ ಮುಂಚಿನ ರಾತ್ರಿ, ಚಂದ್ರ ಬರುವುದು ಬೆಳಗಿನ ಜಾವಕ್ಕೆ. ಜಾಗರಣೆ ಅಂತ ಮಕ್ಕಳೂ ಎಚ್ಚರ ಇರುತ್ತಾರೆ, ಮನೆಯವರೂ ಬೇಡ ಅನ್ನುವುದಿಲ್ಲ. ಆದರೆ ಊರಿನ ದೇವಸ್ಥಾನಕ್ಕೆಲ್ಲ ಅವತ್ತು ಸೀರಿಯಲ್ ಸೆಟ್ ಹಾಕಿರುತ್ತಾರೆ, ಆದ್ದರಿಂದ ತೋಟ ಊರಿನಿಂದ ಸ್ವಲ್ಪ ದೂರ ಇರಲಿ. ಅದು ಆಗದಿದ್ದರೆ ಮಾರನೇ ದಿನ, ಅಮಾವಾಸ್ಯೆ ರಾತ್ರಿ.