ಗುಲಾಬಿ ಬೇಡ, ನೀರೆಷ್ಟು ಹೇಳಿ

"ಈ ಶುಭೋದಯಕ್ಕೊಂದು ಮಿತಿ ಬೇಡವಾ ಮಾರಾಯ್ರೆ?" ಶೆಟ್ರು ಮೊಬೈಲನ್ನು ಗೋಳಿಬಜೆ ತಟ್ಟೆಯ ಪಕ್ಕ ಕವುಚಿ ಹಾಕಿದರು. ಉಡುಪಿ ರಥಬೀದಿ, ಸಂಜೆಯ ಚಾ, ಹೊರಗೆ ಮಳೆ.

"ಮಿತಿ ಉಂಟಲ್ಲ," ಭಟ್ರ ಸ್ವರದಲ್ಲಿ ದುಃಖ. "2018ರಲ್ಲಿ ವಾಟ್ಸಾಪಿನವರು ನಮ್ಮ ದೇಶದಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದೇ ಚಾಟಿಗೆ ಇಳಿಸಿದರು. 2020ರಲ್ಲಿ ಇನ್ನೊಂದು ಪೆಟ್ಟು. ತುಂಬಾ ಸಲ ಫಾರ್ವರ್ಡಾಗಿ ಎರಡು ಬಾಣದ ಗುರುತು ಬಿದ್ದದ್ದಾದರೆ ಒಮ್ಮೆಗೆ ಒಂದೇ ಚಾಟಿಗೆ. ಆರನೆಯ ಸ್ನೇಹಿತ ಎಂತ ಪಾಪ ಮಾಡಿದ್ದಾನೆ?"

"ಪಾಪ ಅಲ್ಲ, ಪುಣ್ಯ," ಅಂದರು ಪೈಗಳು.

ಟೀಚರ್ ಗ್ರೂಪ್ ತೆರೆದು ತೋರಿಸಿದರು. ಪುಣೆಯಲ್ಲಿರುವ ಗೆಳೆಯನ ಪ್ರಶ್ನೆ: "ನೀರ್‌ದೋಸೆ ಕಾವಲಿಯಿಂದ ಏಳುವುದೇ ಇಲ್ಲ, ಎಂತ ಮಾಡುವುದು?" ಅದರ ಕೆಳಗೆ ಏಳು ಹೆಬ್ಬೆರಳು, ಎರಡು ಗುಲಾಬಿ, ಮತ್ತೆ ಭಟ್ರ ಫಾರ್ವರ್ಡು: ಅಕ್ಕಿ ತಿಂದರೆ ಆಗುವ ಲಾಭಗಳು.

"ಸಟ್ಟುಗದಿಂದ ಏಳದ ದೋಸೆ ಹೆಬ್ಬೆರಳಿನಿಂದ ಏಳ್ತದಾ ಭಟ್ರೆ?"

"ಪ್ರೀತಿಯಿಂದ ಹಾಕಿದ್ದು ಟೀಚರ್."

"ಪ್ರೀತಿ ಇದ್ದರೆ ಅಳತೆ ಹೇಳಿ. ಶೆಟ್ರೆ, ನೀವು ಬರೆಯಿರಿ."

ಶೆಟ್ರು ಒತ್ತತೊಡಗಿದರು: "ಹಿಟ್ಟಿಗೆ ಸ್ವಲ್ಪ ನೀರು..."

"ಸ್ವಲ್ಪ ಅಂದ್ರೆ? ನಿಮ್ಮ ಸ್ವಲ್ಪದಲ್ಲಿ ದೋಣಿ ಬಿಡಬಹುದು. ಒಂದು ಲೋಟ ಬೆಳ್ತಿಗೆ ಅಕ್ಕಿ, ಅಂದ್ರೆ ಕುದಿಸದ ಬಿಳಿ ಅಕ್ಕಿ, ನಾಲ್ಕು ಗಂಟೆ ನೆನೆಯಬೇಕು. ಕಡೆಯುವ ನೀರೂ ಸೇರಿ ಎರಡರಿಂದ ಎರಡೂವರೆ ಲೋಟ ನೀರು. ನುಣ್ಣಗೆ ಕಡೆಯಬೇಕು, ಸೌಟಿನಿಂದ ಮಜ್ಜಿಗೆಯ ಹಾಗೆ ಬೀಳಬೇಕು."

"ಕುಚ್ಚಲಕ್ಕಿ ಹಾಕಿರಬಹುದಾ?" ಪೈಗಳಿಗೆ ಸಂಶಯ.

"ಹಾಗಾದರೆ ಉತ್ತರ ಬೇಡ, ಸಂತಾಪ ಕಳಿಸುವ."

ಇಷ್ಟು ಹೊತ್ತು ಸುಮ್ಮನಿದ್ದ ಹೋಟೆಲಿನ ಅಣ್ಣ ಚಾ ಇಡುತ್ತಾ ಬಾಯಿ ಹಾಕಿದ. ನಿಜವಾದ ಉತ್ತರ ಅವನಲ್ಲೇ ಇತ್ತು. "ನೀರಲ್ಲ, ಬೆಂಕಿ ನೋಡಿ. ಇದರಲ್ಲಿ ಉದ್ದು ಇಲ್ಲ, ಹುಳಿ ಬರುವುದಿಲ್ಲ, ಬರೀ ಅಕ್ಕಿ ಮತ್ತು ನೀರು. ಕಾವಲಿ ಬರೀ ಬೆಚ್ಚಗಿದ್ದರೆ ಹಿಟ್ಟು ಅಂಟಾಗಿ ಕೂತುಬಿಡ್ತದೆ. ಚೆನ್ನಾಗಿ ಕಾದಿದ್ದರೆ ನೀರು ಕೂಡಲೇ ಆವಿಯಾಗಿ ಮೇಲೆ ಬರ್ತದೆ, ತೂತು ಬೀಳ್ತದೆ, ದೋಸೆ ತಾನೇ ಏಳ್ತದೆ. ನಾಲ್ಕು ಹನಿ ನೀರು ಚಿಮುಕಿಸಿದರೆ ಕುಣಿದು ಮಾಯವಾಗಬೇಕು. ಅರ್ಧ ನೀರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಒರಸಬೇಕು. ಹೊಯ್ಯುವುದು ಅಂಚಿನಿಂದ ಒಳಗೆ. ಸೌಟಿನಲ್ಲಿ ಹರಡಿಸಿದರೆ ಕೆಟ್ಟಿತು."

"ಮುಚ್ಚಳ?"

"ಒಂದು ನಿಮಿಷ ಸಾಕು. ಮಗುಚಲಿಕ್ಕಿಲ್ಲ, ಅಂಚು ಬಿಟ್ಟದ್ದೇ ಮಡಚುವುದು. ಮತ್ತೆ ಪ್ರತಿ ಸಲ ಹಿಟ್ಟು ತಳದಿಂದ ಕಲಕಬೇಕು. ಅಕ್ಕಿ ಕೆಳಗೆ ಕೂರ್ತದೆ. ಕಲಕದಿದ್ದರೆ ಮೊದಲಿನ ದೋಸೆ ನೀರು, ಕೊನೆಯದು ರೊಟ್ಟಿ."

ಭಟ್ರು ಕೈ ಎತ್ತಿದರು. "ಹರಿದು ಹೋದರೆ?"

"ತೀರಾ ತೆಳ್ಳಗಾಗಿದೆ ಅಂತ, ಒಂದು ಚಮಚ ಅಕ್ಕಿಹಿಟ್ಟು ಹಾಕಿ. ಗಟ್ಟಿಯಾಗಿ ಬಿರುಕು ಬಿಟ್ಟರೆ ನೀರು ಕಡಿಮೆ."

ಶೆಟ್ರು ಎಲ್ಲವನ್ನೂ ಬರೆದು ಕಳಿಸಿದರು. ಕೆಲಸ ಮಾಡಿದವರ ಬೆವರು ಹಣೆಯಲ್ಲಿ. ಭಟ್ರು ಅದಕ್ಕೊಂದು ಗುಲಾಬಿ ಹಾಕಿದರು. ಅಭ್ಯಾಸ, ಎಂತ ಮಾಡುವುದು!

ಎರಡನೇ ಚಾ ಮುಗಿಯುವಾಗ ಪುಣೆಯಿಂದ ಫೋಟೋ ಬಂತು. ದೋಸೆ ಎದ್ದಿತ್ತು, ತೂತೂ ಬಿದ್ದಿತ್ತು. ಆದರೆ ಆರು ದೋಸೆ ಒಂದರ ಮೇಲೊಂದು ಕೂತು, ಬಿಡಿಸಲಾಗದ ಒಂದೇ ಮುದ್ದೆ.

"ಬಿಸಿಯಲ್ಲಿ ಪೇರಿಸಬಾರದು, ಬೇರೆ ಬೇರೆ ಆರಲಿಕ್ಕೆ ಬಿಡಬೇಕು ಅಂತ ಬರೆಯಲಿಲ್ಲವಾ ಶೆಟ್ರೆ?"

"ಅಣ್ಣ ಹೇಳಲಿಲ್ಲ."

"ನೀವು ಕೇಳಲಿಲ್ಲ," ಅಣ್ಣ ಲೋಟ ಎತ್ತಿದ.

"ಕಳಿಸಿದ್ದನ್ನು ತಿದ್ದಲಿಕ್ಕೆ ಹದಿನೈದು ನಿಮಿಷ ಇರ್ತದೆ," ಟೀಚರ್ ಗಡಿಯಾರ ನೋಡಿದರು. "ಮೂರು ಉಳಿದಿದೆ. ಬೇಗ ಬೇಗ ಒತ್ತಿ!"