ಹಳೆ ಲಾರಿಗೆ ಲಿಫ್ಟ್ ಆಕ್ಸಲ್ ಹಾಕಿಸಬಹುದಾ?

ಖಾಲಿಗಾಡಿ:
ಹಿಂದೆ ಒಂದೇ ಆಕ್ಸಲ್ ಇರುವ ಆರು ಚಕ್ರದ ಲಾರಿ ಇದೆ. ಹೋಗುವಾಗ ಫುಲ್ ಲೋಡ್, ಬರುವಾಗ ಹೆಚ್ಚಾಗಿ ಖಾಲಿ. ಒಂದು ಲಿಫ್ಟ್ ಆಕ್ಸಲ್ ಕೂರಿಸಿದರೆ ಜಾಸ್ತಿ ಲೋಡ್ ಹಾಕಬಹುದು, ಖಾಲಿಯಲ್ಲಿ ಎತ್ತಿಕೊಂಡು ಓಡಿಸಿದರೆ ಟೈರು, ಡೀಸೆಲ್ಲೂ ಉಳಿಯುತ್ತದೆ ಅಲ್ವಾ? ಇಂಜಿನ್ ಬಲದಿಂದ ತಿರುಗುವ ಡ್ರೈವ್ ಆಕ್ಸಲ್‌ಗೆ ಮುಂದೆ ಹಾಕಿಸಬೇಕಾ, ಹಿಂದೆಯಾ?

ಸ್ಪ್ಯಾನರ್14:
ಹಿಂದೆ ಹಾಕಿದರೆ ಸ್ಟೀರಿಂಗ್ ಆಕ್ಸಲ್ ಮೇಲೆ ಭಾರ ಏರುತ್ತದೆ, ಅದರ ಮಿತಿ ಮೊದಲು ನೋಡಿಕೊಳ್ಳಿ. ಮುಂದೆ ಹಾಕಿದರೆ ಉಲ್ಟಾ, ಮುಂಚಕ್ರ ಹಗುರಾಗುತ್ತದೆ, ತೀರಾ ಹಗುರಾದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಜೊತೆಗೆ ಇಂಜಿನ್ ಬಲವನ್ನು ಹಿಂಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಾಯುವುದೂ ಅಲ್ಲೇ, ಆಕ್ಸಲ್ ಎತ್ತಿದಾಗ ಅದಕ್ಕೆ ತಾಗದ ಹಾಗೆ ನಡು ತಗ್ಗಿದ ಬೀಮ್ ಬೇಕು. ಚಾಸಿಯ ಮೇಲಂಚು, ಕೆಳಂಚಿಗೆ ತೂತು ಕೊರೆಯುತ್ತೇನೆ, ವೆಲ್ಡ್ ಮಾಡುತ್ತೇನೆ ಅಂದರೆ ಗಾಡಿ ವಾಪಸ್ ತನ್ನಿ. ಬೋಲ್ಟ್ ಕೂರಬೇಕಾದ್ದು ಪಕ್ಕದ ನೆಟ್ಟಗಿನ ಭಾಗದಲ್ಲಿ, ಅದೂ ತಯಾರಕರು ಹೇಳಿದ ಜಾಗದಲ್ಲಿ.

ಗಾಳಿಮಾತು:
ಎಲ್ಲರೂ ಆಕ್ಸಲ್ ಬಗ್ಗೆಯೇ ಮಾತಾಡುತ್ತಾರೆ, ಗಾಳಿ ಮರೆತುಬಿಡುತ್ತಾರೆ. ಚಕ್ರ ನೆಲ ಮುಟ್ಟಿದ ಮಾತ್ರಕ್ಕೆ ಭಾರ ಹೊರುವುದಿಲ್ಲ, ಆಕ್ಸಲ್ ಅನ್ನು ಕೆಳಗೆ ಒತ್ತುವ ಗಾಳಿಚೀಲ, ಅಂದರೆ ಬೆಲ್ಲೋದಲ್ಲಿ ಎಷ್ಟು ಒತ್ತಡ ಇದೆಯೋ ಅಷ್ಟೇ ಹೊರುತ್ತದೆ. ಕಡಿಮೆ ಇಟ್ಟರೆ ಅದು ಸುಮ್ನೆ ಜೊತೆಗೆ ಉರುಳುತ್ತದೆ, ಡ್ರೈವ್ ಆಕ್ಸಲ್ ಪೂರ್ತಿ ಹೊರೆ ಹೊತ್ತು ಸಾಯುತ್ತದೆ. ಜಾಸ್ತಿ ಇಟ್ಟರೆ ಡ್ರೈವ್ ಚಕ್ರಕ್ಕೆ ಹಿಡಿತ ಸಿಗದೆ ಒದ್ದೆ ಏರಿನಲ್ಲಿ ನಿಂತಲ್ಲೇ ಗಿರಗಿರ. ಲೋಡ್ ಹಾಕಿ, ಒಂದೊಂದೇ ಆಕ್ಸಲ್ ತೂಗಿಸಿ ಆ ಒತ್ತಡ ಹೊಂದಿಸುವ ರೆಗ್ಯುಲೇಟರ್ ಸೆಟ್ ಮಾಡಿಸಿ. ಹೊಸ ಚಕ್ರಕ್ಕೆ ಗಾಳಿಯಿಂದ ಬ್ರೇಕ್ ಒತ್ತುವ ಬ್ರೇಕ್ ಚೇಂಬರ್, ಇನ್ನೊಂದು ಏರ್ ಟ್ಯಾಂಕ್ ಬೇಕು. ಬೆಲ್ಲೋ ಒಡೆದರೂ ಬ್ರೇಕಿನ ಗಾಳಿ ಹೋಗದಂತೆ ಪ್ರೊಟೆಕ್ಷನ್ ವಾಲ್ವ್ ಇರಲೇಬೇಕು.

ಖಾಲಿಗಾಡಿ:
ಇಷ್ಟೆಲ್ಲ ಇದೆಯಾ! ತಿರುವಿನಲ್ಲಿ ಟೈರ್ ಉಜ್ಜುತ್ತದೆ ಅಂತಾರೆ, ನಿಜವಾ?

ಸ್ಪ್ಯಾನರ್14:
ನಿಜ. ತಿರುಗದ ಆಕ್ಸಲ್ ಆದರೆ ಇಕ್ಕಟ್ಟು ತಿರುವಿನಲ್ಲಿ ಅಡ್ಡಡ್ಡ ಎಳೆದುಕೊಂಡು ಬರುತ್ತದೆ. ತಾನೇ ತಿರುಗುವ ಬಗೆಯದು ವಾಸಿ, ಆದರೆ ರಿವರ್ಸ್ ಹಾಕುವ ಮುಂಚೆ ಎತ್ತಬೇಕು ಇಲ್ಲವೇ ಲಾಕ್ ಮಾಡಬೇಕು.

ದೂರದಾರಿ:
ಲೋಡಿನ ಆಸೆ ಸ್ವಲ್ಪ ತಡೆಯಿರಿ. ಟೈರು, ಬ್ರೇಕ್ ಸೇರಿ ಆಕ್ಸಲ್ಲೇ ಅರ್ಧ ಟನ್ ಮೇಲೆ ತೂಗಬಹುದು. ದಾಖಲೆಯಲ್ಲಿ ಗಾಡಿಯ ಒಟ್ಟು ತೂಕದ ಮಿತಿ ಏರದಿದ್ದರೆ ನೀವು ಹಾಕಬಹುದಾದ ಲೋಡ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಮಿತಿ ಏರಿದರೂ ಎಳೆಯುವ ಇಂಜಿನ್, ಕ್ಲಚ್ ಹಳೆಯದೇ. ಇನ್ನು ಲೋಡ್ ಇದ್ದಾಗಲೂ ಆಕ್ಸಲ್ ಎತ್ತಿಕೊಂಡು ಓಡಿಸುವ ಜಾಣರಿದ್ದಾರಲ್ಲ, ಅವರಿಂದ ರಸ್ತೆಗೂ ಕೇಡು. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯ ಲೆಕ್ಕದಂತೆ, ಆಕ್ಸಲ್ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು. ಹಾಕಿಸುವುದೇ ಆದರೆ ಭಾರ ಬಿದ್ದ ಕೂಡಲೇ ತಾನಾಗಿ ಇಳಿಯುವ ವಾಲ್ವ್ ಹಾಕಿಸಿ, ಡ್ರೈವರ್ ಕೈಗೆ ಸ್ವಿಚ್ ಕೊಡಬೇಡಿ.